ಒಡೆಯನಿಲ್ಲದ ಜಾಲ, ಅಂಕಿತವಿಲ್ಲದ ಹಾಡು



ಕಿರುತೆರೆಯ ಮಾತುಕತೆಗೆ ಗಡಿಯಾರದ ಕಟ್ಟುಪಾಡು ಇರುತ್ತದೆ. ಗಣಕಯಂತ್ರಗಳು ನಡುವೆ ಒಡೆಯನೆಂಬುವನಿಲ್ಲದೆ, ಕೊಟ್ಟವರ ಹೆಸರು ಪಡೆದವರಿಗೆ ತಿಳಿಯದಂತೆ, ಕಡತಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ವ್ಯವಸ್ಥೆಯೊಂದಿದೆ. ಅದರ ವಿಷಯಕ್ಕೆ ಬರುವ ಹೊತ್ತಿಗೆ ನಮ್ಮ ಅತಿಥಿಗಳ ಸಮಯ ಮುಗಿದುಹೋಗುತ್ತದೆ. ಹೀಗೆ ಹೇಳದೆ ಉಳಿದ ಇತಿಹಾಸವನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ವಿಷಯ ಅಮೆರಿಕ, ಬ್ರಿಟನ್ನುಗಳ ಪ್ರಯೋಗಾಲಯಗಳದು. ಆದರೆ ಅದನ್ನು ಅರ್ಥ ಮಾಡಿಕೊಳ್ಳಲು ಅಷ್ಟು ದೂರ ಹೋಗಬೇಕಾಗಿಲ್ಲ; ಕೋಲಾರದ ಒಂದು ಕೆರೆಯ ಏರಿಯ ಮೇಲೆ ನಿಂತರೆ ಸಾಕು.

ನದಿಯಿಲ್ಲದ ನಾಡಿನ ಜಾಲ

ಕೋಲಾರದ ಸೀಮೆಯಲ್ಲಿ ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ. ಆದರೆ ವರ್ಷವಿಡೀ ಹರಿಯುವ ನದಿಯೆಂದು ಹೇಳಿಕೊಳ್ಳಲು ಒಂದೂ ಇಲ್ಲ. ಇಲ್ಲಿ ದೊಡ್ಡ ಅಣೆಕಟ್ಟು ಕಟ್ಟಿ, ಒಂದೇ ಕಡೆ ನೀರು ನಿಲ್ಲಿಸಿ, ಅಲ್ಲಿಂದ ಊರೂರಿಗೆ ಹಂಚಲು ಸಾಧ್ಯವಿರಲಿಲ್ಲ. ಆದ್ದರಿಂದ ಹಿಂದಿನವರು ಬೇರೆಯ ದಾರಿ ಹಿಡಿದರು. ಪ್ರತಿ ಊರಿಗೂ ಒಂದು ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಮತ್ತೊಂದಕ್ಕೆ. ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಬೇರೆಯಾಗುವ ಮೊದಲು, ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಯಾವುದಕ್ಕೂ ಯಾವುದೂ ರಾಜಧಾನಿಯಲ್ಲ. ಒಂದು ಕೆರೆಯ ನೀರುಗಂಟಿಗೆ ತನ್ನ ತೂಬು, ತನ್ನ ಕೋಡಿ, ಹೆಚ್ಚೆಂದರೆ ಮೇಲಿನ ಮತ್ತು ಕೆಳಗಿನ ಊರಿನ ಕೆರೆಯ ಸಂಗತಿ ಗೊತ್ತಿದ್ದರೆ ಸಾಕಾಗಿತ್ತು. ಇಡೀ ಸರಪಳಿಯ ನಕ್ಷೆ ಯಾರೊಬ್ಬರ ಕೈಯಲ್ಲೂ ಇರಬೇಕಾಗಿರಲಿಲ್ಲ. ಆದರೂ ಸರಪಳಿ ಶತಮಾನಗಳ ಕಾಲ ನಡೆಯಿತು.

ಒಂದು ಏರಿ ಒಡೆದರೆ ಒಂದು ಊರಿಗೆ ನಷ್ಟ, ನಾಡಿಗೆಲ್ಲ ಅಲ್ಲ. ಇದು ವಿಕೇಂದ್ರೀಕರಣದ ಗುಣ. ಇದಕ್ಕೆ ದೋಷವೂ ಉಂಟು. ಮೇಲಿನ ಕೆರೆಗೆ ಕೆಟ್ಟ ನೀರು ಬಂದರೆ ಅದೂ ಕೋಡಿಯ ಮೂಲಕ ಕೆಳಗೆ ಇಳಿಯುತ್ತದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯಲ್ಲಿ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡಾಗ ಕೆಳಗಿನ ಊರಿನವರೆಲ್ಲ ಆತಂಕಪಟ್ಟದ್ದು ಈ ಕಾರಣಕ್ಕಾಗಿಯೇ. ಒಳ್ಳೆಯದನ್ನು ಹಂಚುವ ದಾರಿಯಲ್ಲೇ ಕೆಟ್ಟದ್ದೂ ಹಂಚಿಹೋಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೋಲಿಕೆಗೂ ಒಂದು ಮಿತಿಯಿದೆ. ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆ, ಮತ್ತು ಕೊಟ್ಟ ಮೇಲೆ ಕೊಟ್ಟವರಲ್ಲಿ ಉಳಿಯುವುದಿಲ್ಲ. ಹಾಡು ಹಾಗಲ್ಲ. ಹಾಡನ್ನು ಕೊಟ್ಟರೂ ಅದು ಕೊಟ್ಟವರಲ್ಲಿ ಉಳಿದಿರುತ್ತದೆ. ಆದ್ದರಿಂದ ಕೆರೆಯಿಂದ ಹಾಡಿಗೆ, ಕೋಲಾರದಿಂದ ಮುಳಬಾಗಿಲಿಗೆ ಹೋಗೋಣ.

ರಂಗವಿಠಲನೆಂಬ ಅಂಕಿತ

ಮುಳಬಾಗಿಲಿನ ಹತ್ತಿರದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. 15ನೆಯ ಶತಮಾನದ ಈ ಯತಿಗಳು ಸಂಸ್ಕೃತ ವಿದ್ವಾಂಸರಾಗಿದ್ದೂ ಕನ್ನಡದಲ್ಲಿ ಹಾಡು ಕಟ್ಟಿದವರು. ವ್ಯಾಸರಾಯರು ಇವರ ಬಳಿ ವ್ಯಾಸಂಗ ಮಾಡಿದರು. ಆ ಪರಂಪರೆಯಲ್ಲೇ ಮುಂದೆ ಪುರಂದರದಾಸರೂ ಕನಕದಾಸರೂ ಬಂದರು. ಶ್ರೀಪಾದರಾಜರು ತಮ್ಮ ಹಾಡುಗಳಲ್ಲಿ ತಮ್ಮ ಹೆಸರನ್ನು ಹೇಳಿಕೊಳ್ಳಲಿಲ್ಲ. 'ರಂಗವಿಠಲ' ಎಂಬ ಅಂಕಿತವನ್ನಿಟ್ಟರು.

ಈ ಅಂಕಿತವೆಂಬುದು ಬಹಳ ಜಾಣತನದ ಏರ್ಪಾಡು. ಹಾಡಿದವನು ತನ್ನನ್ನು ಮರೆಸಿಕೊಳ್ಳುತ್ತಾನೆ. ಆದರೆ ಹಾಡು ಅನಾಥವಾಗುವುದಿಲ್ಲ. ಐದು ನೂರು ವರ್ಷಗಳ ನಂತರ, ಐದು ನೂರು ಬಾಯಿಗಳನ್ನು ದಾಟಿ ಬಂದ ಮೇಲೂ, ಕೊನೆಯ ನುಡಿಯ ಆ ಒಂದು ಪದದಿಂದ ಇದು ಯಾವ ಮೂಲದ್ದೆಂದು ಹಿಡಿಯಬಹುದು. ಹೆಸರು ಬೇಡ, ಗುರುತು ಬೇಕು ಎಂಬ ಎರಡು ಆಸೆಗಳನ್ನೂ ಒಟ್ಟಿಗೆ ತೀರಿಸುವ ಉಪಾಯವಿದು.

ಈ ಹಾಡುಗಳು ಉಳಿದುಕೊಂಡು ಬಂದ ಬಗೆಯನ್ನೂ ಗಮನಿಸಬೇಕು. ಮೊದಲಿಗೆ ಅವುಗಳಿಗೆ ಮುದ್ರಣಾಲಯವಿರಲಿಲ್ಲ. ಓಲೆಗರಿಯಲ್ಲಿ ಕೆಲವು, ಕಂಠದಲ್ಲಿ ಹಲವು. ಗೋಪಾಳಕ್ಕೆ ಬಂದ ದಾಸರಿಂದ ಮನೆಯ ಹೆಂಗಸರು ಕಲಿತರು. ಅವರಿಂದ ಮಕ್ಕಳು, ಮಕ್ಕಳಿಂದ ಮತ್ತೊಂದು ಊರು. ಕಲಿತ ಪ್ರತಿಯೊಬ್ಬರೂ ಒಂದೊಂದು ಪ್ರತಿಯಾದರು. ಕ್ರೈಸ್ತ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರ ಸುಮಾರಿಗೆ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದಾಗ, ಅವು ಅಷ್ಟು ದೂರ ತಲುಪಿದ್ದದ್ದು ಈ ಒಡೆಯನಿಲ್ಲದ ಜಾಲದ ಮೂಲಕವೇ.

ಹಾಗೆಂದು ಎಲ್ಲವೂ ಉಳಿಯಲಿಲ್ಲ. ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಕೀರ್ತನೆಗಳನ್ನು ರಚಿಸಿದರೆಂದು ಸಂಪ್ರದಾಯ ಹೇಳುತ್ತದೆ. ಆ ಸಂಖ್ಯೆ ಭಕ್ತಿಯದೆಂದೇ ಇಟ್ಟುಕೊಳ್ಳೋಣ. ನಮಗೆ ದಕ್ಕಿರುವುದು ಅದರ ಅತಿ ಸಣ್ಣ ಪಾಲು. ಜನ ಕೇಳಿದ ಹಾಡು ಉಳಿಯಿತು. ಯಾರೂ ಕೇಳದ ಹಾಡು ಮರೆತುಹೋಯಿತು. ಜೊತೆಗೆ, ಒಬ್ಬರ ಅಂಕಿತದಲ್ಲಿ ಇನ್ನೊಬ್ಬರು ಕಟ್ಟಿದ ಹಾಡುಗಳೂ ಸೇರಿಕೊಂಡವು. ಯಾವುದು ನಿಜವಾದದ್ದು, ಯಾವುದು ಸೇರಿಸಿದ್ದು ಎಂದು ವಿದ್ವಾಂಸರು ಇಂದಿಗೂ ತೂಗುತ್ತಿದ್ದಾರೆ.

ಗಣಕಯಂತ್ರದ ಜಾಲಗಳಲ್ಲಿಯೂ ಇವೇ ಪ್ರಶ್ನೆಗಳು ಮತ್ತೆ ಎದ್ದವು: ಯಾರ ಬಳಿ ಇದೆಯೆಂದು ಹುಡುಕುವುದು ಹೇಗೆ? ಬಂದದ್ದು ಅಸಲಿಯೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಕೊಟ್ಟವರ ಹೆಸರನ್ನು ಮರೆಸುವುದು ಹೇಗೆ? ಕೇಳುವವರಿಲ್ಲದ್ದನ್ನು ಉಳಿಸುವುದು ಹೇಗೆ?

ನಡುವಿನ ಕಂಬ ಬಿದ್ದರೆ

ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ಎಂಬ ಎಂಜಿನಿಯರ್ 1964ರಲ್ಲಿ ಒಂದು ವರದಿಮಾಲೆ ಪ್ರಕಟಿಸಿದರು. ಅಣುಯುದ್ಧದ ಭಯದ ಕಾಲ ಅದು. ದೂರವಾಣಿ ವ್ಯವಸ್ಥೆಯ ಕೇಂದ್ರಗಳ ಮೇಲೆ ಬಾಂಬು ಬಿದ್ದರೆ ದೇಶದ ಸಂಪರ್ಕವೇ ಕಡಿದುಹೋಗುತ್ತದೆ. ಮೀನುಬಲೆಯಂತೆ ಹೆಣೆದರೆ ಕೆಲವು ಗಂಟುಗಳು ಹರಿದರೂ ಸುದ್ದಿ ಸುತ್ತು ದಾರಿಯಲ್ಲಿ ತಲುಪುತ್ತದೆ ಎಂಬುದು ಅವರ ವಾದ. 1969ರ ಅಕ್ಟೋಬರ್ 29ರಂದು ಅಮೆರಿಕದ ಎರಡು ಗಣಕಯಂತ್ರಗಳ ನಡುವೆ ಅರ್ಪಾನೆಟ್ ಜಾಲದ ಮೊದಲ ಸಂದೇಶ ಹರಿಯಿತು. ಎರಡು ಅಕ್ಷರ ದಾಟುವಷ್ಟರಲ್ಲಿ ಯಂತ್ರ ಕೈಕೊಟ್ಟಿತೆಂಬುದು ಬೇರೆ ಮಾತು! ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಜಾಲದ ತಂತಿಗಳು ಮೀನುಬಲೆಯಂತಿದ್ದರೂ ಅದರ ಬಳಕೆ ಬೇಗನೆ ಅಣೆಕಟ್ಟಿನಂತಾಯಿತು. ದೊಡ್ಡ ಸರ್ವರ್ ಒಂದು ಕಡೆ, ಕೇಳುವವರು ಸುತ್ತಲೂ. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಹದಿಹರೆಯದ ಹುಡುಗ 'ನ್ಯಾಪ್‌ಸ್ಟರ್' ಎಂಬ ತಂತ್ರಾಂಶ ಹೊರತಂದ. ಹಾಡಿನ ಕಡತಗಳು ಜನರ ಮನೆಯ ಗಣಕಯಂತ್ರಗಳಲ್ಲೇ ಇರುತ್ತಿದ್ದವು. ಒಬ್ಬರಿಂದ ಇನ್ನೊಬ್ಬರು ನೇರವಾಗಿ ಪಡೆಯುತ್ತಿದ್ದರು. ಇಂತಹ ಸಮಾನರ ಜಾಲವನ್ನೇ ತಜ್ಞರು 'ಪಿಯರ್ ಟು ಪಿಯರ್' ಎನ್ನುವುದು. ಆದರೆ ಯಾವ ಹಾಡು ಯಾರಲ್ಲಿದೆ ಎಂಬ ಸೂಚಿ ಮಾತ್ರ ಕಂಪನಿಯ ಕೈಯಲ್ಲಿತ್ತು. ಧ್ವನಿಮುದ್ರಣ ಕಂಪನಿಗಳು ದಾವೆ ಹೂಡಿದವು. 2001ರ ಜುಲೈನಲ್ಲಿ ಆ ಸೂಚಿ ನಿಂತಿತು. ಕೋಟ್ಯಂತರ ಜನರ ಬಳಿ ಹಾಡುಗಳಿದ್ದೂ ಜಾಲ ಸತ್ತಿತು. ನಡುವೆ ಒಂದೇ ಒಂದು ಕಂಬವಿತ್ತು; ಅದನ್ನು ಕೆಡವಿದರೆ ಚಪ್ಪರವೆಲ್ಲ ಬಿತ್ತು.

ಅಷ್ಟರಲ್ಲೇ ಕಂಬವಿಲ್ಲದ ಚಪ್ಪರ ತಯಾರಾಗಿತ್ತು. 2000ದ ಮಾರ್ಚ್‌ನಲ್ಲಿ ಜಸ್ಟಿನ್ ಫ್ರಾಂಕೆಲ್ ಮತ್ತು ಟಾಮ್ ಪೆಪ್ಪರ್ 'ನುಟೆಲ್ಲಾ' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಅವರ ಕಂಪನಿಯ ಒಡೆತನ ಹೊಂದಿದ್ದ ದೊಡ್ಡ ಸಂಸ್ಥೆ ಮರುದಿನವೇ ಅದನ್ನು ಹಿಂತೆಗೆಸಿತು. ಆದರೆ ಆ ಒಂದು ದಿನದಲ್ಲಿ ಪ್ರತಿಗಳು ಹರಡಿಹೋಗಿದ್ದವು. ಬೇರೆಯವರು ಅದರ ನಿಯಮಗಳನ್ನು ಬಿಡಿಸಿ ತಮ್ಮದೇ ತಂತ್ರಾಂಶ ಬರೆದುಕೊಂಡರು.

ನುಟೆಲ್ಲಾದಲ್ಲಿ ಹುಡುಕಾಟ ಹೇಗೆ ನಡೆಯುತ್ತಿತ್ತು? ಮದುವೆ ಮನೆಗೆ ದೊಡ್ಡ ಹಂಡೆ ಬೇಕಾದಾಗ ನಾವೇನು ಮಾಡುತ್ತೇವೆ? ಅಕ್ಕಪಕ್ಕದವರನ್ನು ಕೇಳುತ್ತೇವೆ. ಅವರಲ್ಲಿಲ್ಲದಿದ್ದರೆ ಅವರು ತಮ್ಮ ಅಕ್ಕಪಕ್ಕದವರನ್ನು ಕೇಳುತ್ತಾರೆ. ಹೀಗೆ ಏಳು ಮನೆ ದಾಟುವವರೆಗೆ ಕೇಳಿಕೆ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಊರು ಸಣ್ಣದಾದರೆ ಇದು ಸರಿ. ಊರು ದೊಡ್ಡದಾದರೆ ಹಂಡೆ ಕೇಳುವವರ ಗದ್ದಲದಲ್ಲೇ ಬೀದಿಗಳು ತುಂಬಿಹೋಗುತ್ತವೆ. ಈ ತೊಂದರೆಗೆ ಪೀಟರ್ ಮೇಮೌನ್ಕೋವ್ ಮತ್ತು ಡೇವಿಡ್ ಮೇಜಿಯರ್ಸ್ ಎಂಬ ವಿಜ್ಞಾನಿಗಳು 2002ರಲ್ಲಿ 'ಕಡೆಮ್ಲಿಯಾ' ಎಂಬ ಪರಿಹಾರ ಕೊಟ್ಟರು. ಸೂಚಿಯನ್ನೇ ಚೂರುಚೂರು ಮಾಡಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುವುದು. ಕೇಳಿದವರಿಗೆ ಪ್ರತಿಯೊಬ್ಬರೂ 'ನನಗಿಂತ ಹತ್ತಿರದವರು ಇವರು' ಎಂದು ದಾರಿ ತೋರಿಸುವುದು. ವಿಳಾಸ ಗೊತ್ತಿಲ್ಲದ ಊರಿನಲ್ಲಿ ಕೇಳಿಕೊಂಡು ಕೇಳಿಕೊಂಡು ನೆಂಟರ ಮನೆ ಸೇರುವ ಹಾಗೆ.

ಇವೆರಡರ ನಡುವೆ, 2001ರ ಜುಲೈನಲ್ಲಿ, ಬ್ರಾಮ್ ಕೋಹೆನ್ ಎಂಬಾತ 'ಬಿಟ್‌ಟೊರೆಂಟ್' ಹೊರತಂದ. ದೊಡ್ಡ ಕಡತವನ್ನು ತುಂಡು ಮಾಡಿ, ಒಂದು ತುಂಡು ಪಡೆದವನು ಅದನ್ನು ಕೂಡಲೇ ಇತರರಿಗೆ ಕೊಡುವಂತೆ ಮಾಡಿದ. ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗುವಂತೆ ನಿಯಮವಿಟ್ಟ. ನಮ್ಮ ಹೊಲಗಳಲ್ಲಿ ಮುಯ್ಯಾಳು ಪದ್ಧತಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ.

ಕೊಟ್ಟವರು ಯಾರು?

ಈ ಯಾವ ಜಾಲವೂ ಹೆಸರನ್ನು ಮರೆಸುತ್ತಿರಲಿಲ್ಲ ಎಂಬುದನ್ನು ಅನೇಕರು ತಿಳಿದಿಲ್ಲ. ಬಿಟ್‌ಟೊರೆಂಟ್‌ನಲ್ಲಿ ತುಂಡು ಕೊಡುವವರ ಮತ್ತು ಪಡೆಯುವವರ ಜಾಲವಿಳಾಸ ಪರಸ್ಪರರಿಗೆ ಕಾಣುತ್ತದೆ. ಕಂಡವರು ಪೊಲೀಸರೂ ಆಗಿರಬಹುದು, ವಕೀಲರೂ ಆಗಿರಬಹುದು.

ಹೆಸರನ್ನು ನಿಜವಾಗಿ ಮರೆಸಲು ಹೊರಟವನು ಎಡಿನ್‌ಬರೋ ವಿಶ್ವವಿದ್ಯಾಲಯದ ಐರಿಷ್ ವಿದ್ಯಾರ್ಥಿ ಇಯಾನ್ ಕ್ಲಾರ್ಕ್. 1999ರಲ್ಲಿ ಆತ ಬರೆದ ಪ್ರಬಂಧದಿಂದ ಹುಟ್ಟಿದ್ದು 'ಫ್ರೀನೆಟ್'. ಬಳಕೆಗೆ ಬಂದದ್ದು 2000ದಲ್ಲಿ. ಆ ಮೂಲ ತಂತ್ರಾಂಶಕ್ಕೆ 2023ರಲ್ಲಿ 'ಹೈಫನೆಟ್' ಎಂದು ಹೆಸರು ಬದಲಾಯಿತು. ಅಲ್ಲಿ ಪ್ರತಿ ಯಂತ್ರಕ್ಕೂ ಗೊತ್ತಿರುವುದು ತನ್ನ ನೆರೆಯ ಕೆಲವು ಯಂತ್ರಗಳು ಮಾತ್ರ, ನಮ್ಮ ನೀರುಗಂಟಿಗೆ ಮೇಲಿನ ಮತ್ತು ಕೆಳಗಿನ ಕೆರೆ ಮಾತ್ರ ಗೊತ್ತಿದ್ದಂತೆ. ನೆರೆಯವನು ಒಂದು ಕಡತ ಕೇಳಿದರೆ, ಅದು ಅವನಿಗೇ ಬೇಕೋ, ಅವನೂ ಮತ್ತೊಬ್ಬರ ಪರವಾಗಿ ಕೇಳುತ್ತಿದ್ದಾನೋ ತಿಳಿಯುವಂತಿಲ್ಲ. ಕಡತ ಹಿಂದಿರುಗುವಾಗ ದಾರಿಯ ಯಂತ್ರಗಳಲ್ಲೂ ಒಂದೊಂದು ಪ್ರತಿ ಉಳಿಯುತ್ತದೆ. ಎಲ್ಲವೂ ಗೂಢಲಿಪಿಯಲ್ಲಿರುವುದರಿಂದ ತನ್ನ ಯಂತ್ರದಲ್ಲಿ ಏನಿದೆಯೆಂದು ಇಟ್ಟುಕೊಂಡವನಿಗೇ ತಿಳಿಯುವುದಿಲ್ಲ.

ಹಾಗಾದರೆ ಬಂದದ್ದು ಅಸಲಿಯೆಂದು ನಂಬುವುದು ಹೇಗೆ? ಇಲ್ಲಿ ವಿಜ್ಞಾನ ಒಂದು ಸೊಗಸಾದ ಉಪಾಯ ಕಂಡುಕೊಂಡಿದೆ. ಕಡತದ ಅಕ್ಷರಗಳನ್ನೆಲ್ಲ ಒಂದು ಗಣಿತ ಸೂತ್ರದಲ್ಲಿ ಅರೆದು ಒಂದು ಪುಟ್ಟ ಸಂಖ್ಯೆ ತೆಗೆಯುತ್ತಾರೆ. ಒಂದು ಒತ್ತಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಕೇಳಿದ ಸಂಖ್ಯೆಗೂ ಬಂದ ಕಡತದ ಸಂಖ್ಯೆಗೂ ತಾಳೆಯಾದರೆ, ಕೊಟ್ಟವನು ಯಾರಾದರೇನು, ಕಡತ ಕೆಟ್ಟಿಲ್ಲ. ಇದನ್ನು ಕಡತದ ಬೆರಳಚ್ಚು ಎನ್ನಬಹುದು. ಮನುಷ್ಯನ ಬೆರಳಚ್ಚು ಬೇಡ, ವಸ್ತುವಿನದು ಸಾಕು ಎಂಬುದೇ ಈ ಜಾಲಗಳ ಮೂಲತತ್ತ್ವ.

ನಾಲ್ಕನೆಯ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ಫ್ರೀನೆಟ್‌ನಲ್ಲಿ ಜಾಗ ತುಂಬಿದಾಗ, ಬಹಳ ಕಾಲದಿಂದ ಯಾರೂ ಕೇಳದ ಕಡತ ಮೊದಲು ಅಳಿಯುತ್ತದೆ. ದಾಸರ ಪದಗಳಿಗೆ ಆದದ್ದೇ ಇಲ್ಲೂ ಆಗುತ್ತದೆ.

ಬೆರಳಚ್ಚಿನ ಎರಡು ಕಥೆಗಳು

ಬೆರಳಚ್ಚಿನ ಮಾತು ಬಂದದ್ದರಿಂದ ಕೋಲಾರದ ಚಿನ್ನದ ಗಣಿಯ ಒಂದು ಘಟನೆಯನ್ನು ಹೇಳಬೇಕು. 1930ರಲ್ಲಿ ಅಲ್ಲಿನ ಕಾರ್ಮಿಕರು ಮೂರು ವಾರಗಳಷ್ಟು ಕಾಲ ಮುಷ್ಕರ ಹೂಡಿದರು. ಕಾರಣಗಳಲ್ಲಿ ಮುಖ್ಯವಾದದ್ದು, ಕಾರ್ಮಿಕರನ್ನು ಬೆರಳಚ್ಚು ಪಡೆದು ನೋಂದಾಯಿಸುವ ಹೊಸ ಪದ್ಧತಿ. ಚಿನ್ನ ಕದಿಯುವರೆಂಬ ಅನುಮಾನದ ಕಣ್ಣಿನಡಿ ದಿನವೂ ದುಡಿಯುತ್ತಿದ್ದ ಆ ಜನರಿಗೆ, ಬೆರಳಚ್ಚು ಕೊಡುವುದೆಂದರೆ ಅಪರಾಧಿಗಳ ಪಟ್ಟಿಗೆ ಸೇರಿದಂತೆ. ಹೆಸರು ಮರೆಸುವ ಹಕ್ಕು ಕಳ್ಳನಿಗೆ ಮಾತ್ರ ಬೇಕೆಂದು ತಿಳಿಯುವವರು ಆ ಗಣಿ ಕಾರ್ಮಿಕರನ್ನು ನೆನೆಯಬೇಕು. ಬಲವುಳ್ಳವನ ಮುಂದೆ ಬಲವಿಲ್ಲದವನಿಗಿರುವ ಒಂದು ಆಸರೆ, ಗುಂಪಿನಲ್ಲಿ ಒಬ್ಬನಾಗಿ ಉಳಿಯುವುದು. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಆದರೆ ಎರಡನೆಯ ಕಥೆಯನ್ನೂ ಕೇಳಬೇಕು. ಶ್ರೀನಿವಾಸಪುರದ ಮಾವಿನ ಬೆಳೆಗಾರನಿಗೆ ಸಾಲಕ್ಕೂ, ವ್ಯಾಜ್ಯಕ್ಕೂ, ಮಾರಾಟಕ್ಕೂ ಬೇಕಾಗುವ ಪತ್ರ ಪಹಣಿ. ಅದು ದೀರ್ಘಕಾಲ ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಯಾರು, ಯಾವಾಗ, ಏನು ತಿದ್ದಿದರೆಂದು ತಿಳಿಯುವುದು ಕಷ್ಟವಾಗಿತ್ತು. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. 2002ರ ವೇಳೆಗೆ ತಾಲ್ಲೂಕು ಕಚೇರಿಗಳಿಂದ ಮುದ್ರಿತ ಪಹಣಿ ಸಿಗತೊಡಗಿತು. ಇಲ್ಲಿಯೂ ಬೆರಳಚ್ಚು ಬಂತು. ಈ ಬಾರಿ ಅದನ್ನು ಕೊಡಬೇಕಾದವನು ದಾಖಲೆ ತಿದ್ದುವ ಅಧಿಕಾರಿ! ಬೆರಳಿಟ್ಟ ಮೇಲೆ 'ನಾನಲ್ಲ' ಎನ್ನುವಂತಿಲ್ಲ.

1930ರ ಬೆರಳಚ್ಚಿಗೂ 2002ರ ಬೆರಳಚ್ಚಿಗೂ ಇರುವ ವ್ಯತ್ಯಾಸದಲ್ಲೇ ನಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ. ಅಧಿಕಾರ ಉಳ್ಳವನು ಹೆಸರು ಹೇಳಬೇಕು. ಅಧಿಕಾರಕ್ಕೆ ಒಳಗಾದವನಿಗೆ ಹೆಸರು ಮರೆಸುವ ಅವಕಾಶವಿರಬೇಕು. ಪಹಣಿಗೆ ಒಂದೇ ಪುಸ್ತಕ, ಒಬ್ಬ ಜವಾಬ್ದಾರನಿರಬೇಕು. ಅದನ್ನು ಸಾವಿರ ಮನೆಗಳಲ್ಲಿಟ್ಟು ಎಲ್ಲರೂ ತಿದ್ದುವಂತಾದರೆ ಯಾರ ಜಮೀನೂ ಯಾರದೂ ಅಲ್ಲ.

ಹೆಸರಿಲ್ಲದ ಮಾತು ಎಷ್ಟು ಅಪಾಯಕಾರಿ ಎಂಬುದನ್ನೂ ನಾವು ನೋಡಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜುಲೈ ತಿಂಗಳಲ್ಲಿ ಗುಂಪೊಂದು ಅಮಾಯಕನನ್ನು ಕೊಂದಿತು. ಆ ಸುದ್ದಿಗೆ ಅಂಕಿತವಿರಲಿಲ್ಲ. ಮೊದಲು ಕಳಿಸಿದವರು ಯಾರೆಂದು ಕೇಳಿದರೆ ಪ್ರತಿಯೊಬ್ಬರೂ ನೆರೆಯವರತ್ತ ಬೆರಳು ತೋರಿಸುತ್ತಿದ್ದರು. ಅನಾಮಧೇಯ ಜಾಲಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಂತಹ ಹೇಯ ಸರಕೂ ಹರಿದಾಡುತ್ತದೆ. ಮೇಲಿನ ಕೆರೆಯ ನೊರೆ ಎಂದೆನಲ್ಲ, ಅದು ಇದೇ.

ಮಾಲೂರಿನ ಕತೆಗಾರ, ಮುಳಬಾಗಿಲಿನ ಕವಿ

ಇನ್ನು ಪುಸ್ತಕಗಳ ವಿಷಯ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿದ್ದು ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಮಾಸ್ತಿಯವರು 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಬರೆದರು, ಡಿ.ವಿ.ಜಿ. ತಮ್ಮ ಕಗ್ಗವನ್ನು 'ಮಂಕುತಿಮ್ಮ'ನ ಬಾಯಲ್ಲಿ ಹೇಳಿಸಿದರು. ರಂಗವಿಠಲನ ಸೀಮೆಯ ಈ ಇಬ್ಬರೂ ಅಂಕಿತದ ಸಂಪ್ರದಾಯವನ್ನು ಬಿಡಲಿಲ್ಲವೆನ್ನಬಹುದು.

ಇವರ ಕಾಲದ ಎಷ್ಟೋ ಕನ್ನಡ ಪುಸ್ತಕಗಳು ಮರುಮುದ್ರಣ ಕಾಣಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆ ದೇಶದ ಲಕ್ಷಾಂತರ ಪುಸ್ತಕಗಳನ್ನು, ಅವುಗಳಲ್ಲಿ ಸಾವಿರಾರು ಕನ್ನಡ ಪುಸ್ತಕಗಳನ್ನು, ಪುಟಪುಟವಾಗಿ ಚಿತ್ರ ತೆಗೆದು ಅಂತರಜಾಲದಲ್ಲಿಟ್ಟಿತು. ಮುಂದೆ ಆ ತಾಣ ಸ್ಥಗಿತಗೊಂಡಿತು. ಅದೃಷ್ಟವಶಾತ್ ಕೆಲವು ಉತ್ಸಾಹಿಗಳು ಬಹುಪಾಲನ್ನು ನಕಲು ಮಾಡಿ 'ಇಂಟರ್ನೆಟ್ ಆರ್ಕೈವ್' ಎಂಬ ಅಮೆರಿಕದ ಸಾರ್ವಜನಿಕ ಸಂಗ್ರಹದಲ್ಲಿ ಇಟ್ಟಿದ್ದರು. ಆ ಸಂಗ್ರಹ 2012ರಿಂದ ತನ್ನ ಕಡತಗಳನ್ನು ಬಿಟ್‌ಟೊರೆಂಟ್ ಮೂಲಕವೂ ಕೊಡುತ್ತಿದೆ. ಅಂದರೆ ಮಾಲೂರಿನ ಹುಡುಗಿಯೊಬ್ಬಳು ಹಳೆಯ ಕನ್ನಡ ಪುಸ್ತಕವನ್ನು ಹೀಗೆ ಪಡೆದು, ತನ್ನ ಯಂತ್ರದಿಂದ ಇನ್ನೊಬ್ಬರಿಗೂ ಹಂಚಿದರೆ, ಅವಳೇ ಒಂದು ಪುಟ್ಟ ಗ್ರಂಥಾಲಯವಾಗುತ್ತಾಳೆ.

ಆದರೆ ಎಲ್ಲ ಪುಸ್ತಕಗಳನ್ನೂ ಹೀಗೆ ಹಂಚಲು ಕಾನೂನಿನ ಒಪ್ಪಿಗೆಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2036ರಲ್ಲಿ ಎಲ್ಲರ ಸ್ವತ್ತಾಗುತ್ತವೆ. ಮಾಸ್ತಿಯವರು 1986ರಲ್ಲಿ, ಅವರವು 2047ರಲ್ಲಿ. ಬರೆದವನ, ಅವನ ಮನೆಯವರ ಅನ್ನದ ಪ್ರಶ್ನೆ ಇದರಲ್ಲಿರುವುದರಿಂದ ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೊಸ ಕನ್ನಡ ಚಿತ್ರ ಬಿಡುಗಡೆಯಾದ ದಿನವೇ ಕದ್ದ ಪ್ರತಿ ಹರಿದಾಡುವಾಗ ನೂರಾರು ಕಾರ್ಮಿಕರ ದುಡಿಮೆಗೆ ಪೆಟ್ಟು ಬೀಳುತ್ತದೆ. ಕರ್ನಾಟಕ 2014ರಲ್ಲಿ ತನ್ನ ಗೂಂಡಾ ಕಾಯ್ದೆಯನ್ನೇ ಇಂತಹ ಅಪರಾಧಗಳಿಗೂ ವಿಸ್ತರಿಸಿತು. ಹೆಸರು ಗೊತ್ತಿಲ್ಲದ ನಕಲುಗಾರರ ಮೇಲೆ ನಮ್ಮ ನ್ಯಾಯಾಲಯಗಳು 'ಅಶೋಕ್ ಕುಮಾರ್' ಎಂಬ ಕಲ್ಪಿತ ಹೆಸರಿನಲ್ಲಿ ಆಜ್ಞೆ ಹೊರಡಿಸುತ್ತವೆ. ಹೆಸರಿಲ್ಲದವನಿಗೆ ಕಾನೂನು ಕೊಟ್ಟ ಅಂಕಿತ ಅದು!

ಮೆಮೊರಿ ಕಾರ್ಡಿನ ಅಜ್ಜಿ

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಇಷ್ಟೆಲ್ಲ ಬರೆಯಲು ಕಾರಣ ಅದು.

2008ರಲ್ಲಿ ಮುಳಬಾಗಿಲು ತಾಲ್ಲೂಕಿನ ಗಡಿಯ ಹಳ್ಳಿಯೊಂದರಲ್ಲಿ ವಯಸ್ಸಾದ ಒಬ್ಬ ತಾಯಿ ಹಾಡಿದ ರಾಗಿ ಬೀಸುವ ಪದಗಳನ್ನು ಚಿತ್ರೀಕರಿಸಿದೆ. ಕನ್ನಡದ ಸಾಲಿನ ಬೆನ್ನಿಗೇ ತೆಲುಗಿನ ಸಾಲು ಬರುತ್ತಿದ್ದ ಅಂತಹ ಹಾಡನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಟೇಪಿನ ಡಬ್ಬಿಯ ಮೇಲೆ 'ಬೀಸುವ ಪದ, ಮುಳಬಾಗಿಲು ತಾ.' ಎಂದಷ್ಟೇ ಬರೆದೆ. ಕಾರ್ಯಕ್ರಮದಲ್ಲಿ ಬಳಸಿದ್ದು ಎರಡು ನಿಮಿಷ, ಉಳಿದದ್ದು ಬೀರುವಿನಲ್ಲಿ. ಎರಡು ವರ್ಷದ ನಂತರ ಖಾಲಿ ಟೇಪುಗಳ ಕೊರತೆ ಬಂತು. ಹಳೆಯ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡುವ ಪಟ್ಟಿ ನನ್ನ ಮೇಜಿಗೂ ಬಂತು. ಓದದೆ ಸಹಿ ಹಾಕಿದೆ. ಒಂದೇ ಪ್ರತಿ, ಒಂದೇ ಬೀರು, ಒಂದೇ ಸಹಿ.

2016ರಲ್ಲಿ ಬೇರೆ ಕೆಲಸಕ್ಕೆ ಮುಳಬಾಗಿಲಿಗೆ ಹೋಗಿದ್ದೆ. ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಯಲ್ಲಿ ಹುಡುಗನೊಬ್ಬ ಗಿರಾಕಿಗಳ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ. ಆ ದಿನಗಳಲ್ಲಿ ಇದು ಊರೂರಲ್ಲೂ ಇದ್ದ ಕಸುಬು. ಹಳ್ಳಿ ಪದಗಳಿವೆಯೇ ಎಂದು ಕೇಳಿದೆ. ಐದಾರು ಹಾಕಿ ಕೇಳಿಸಿದ. ಒಂದರಲ್ಲಿ ರಾಗಿಕಲ್ಲಿನ ಸದ್ದಿತ್ತು, ಹಿಂದೆ ಕೋಳಿಯ ಕೂಗಿತ್ತು. ಹಾಡು ಮುಗಿಯುತ್ತಿದ್ದಂತೆ ಒಂದು ಗಂಡು ದನಿ: "ಅಮ್ಮಾ, ಇನ್ನೊಂದ್ಸಲ ಹೇಳ್ತೀರಾ?"

ಆ ದನಿ ನನ್ನದು.

ಅಂದು ಕ್ಯಾಮೆರಾದ ಹಿಂದೆ ನಿಂತಿದ್ದ ಆಕೆಯ ಮೊಮ್ಮಗ ತನ್ನ ಮೊಬೈಲಿನಲ್ಲಿ ಹಾಡನ್ನು ಹಿಡಿದುಕೊಂಡಿದ್ದ. ಅದು ಬ್ಲೂಟೂತ್‌ನಲ್ಲಿ ಗೆಳೆಯರಿಗೆ, ಕಾರ್ಡಿನಿಂದ ಕಾರ್ಡಿಗೆ, ಎಷ್ಟೋ ಕೈ ದಾಟಿ ಈ ಅಂಗಡಿ ಸೇರಿತ್ತು.

"ಯಾರು ಕೊಟ್ರಪ್ಪ ಇದನ್ನ?" ಎಂದೆ.

"ಗೊತ್ತಿಲ್ಲ ಸಾರ್. ಯಾರ್ದೋ ಕಾರ್ಡಲ್ಲಿತ್ತು."

"ಹಾಡಿರೋರು?"

"ಯಾರೋ ಅಜ್ಜಿ."

ಬೀರುವಿನಲ್ಲಿ ಭದ್ರವಾಗಿದ್ದದ್ದು ಅಳಿಯಿತು; ಯಾರ ಕಾವಲೂ ಇಲ್ಲದೆ ಬೀದಿಯಲ್ಲಿ ಹೋದದ್ದು ಉಳಿಯಿತು. ಅಷ್ಟಕ್ಕೆ ಆ ಒಡೆಯನಿಲ್ಲದ ಜಾಲಕ್ಕೆ ಕೈಮುಗಿಯಬೇಕು. ಆದರೆ ಹಾಡು ಉಳಿದು ಹಾಡಿದವರು ಕಳೆದುಹೋಗಿದ್ದರು. ಜಾಲ ಆ ಹೆಸರನ್ನು ಮರೆತಿತ್ತು. ನಾನಂತೂ ಬರೆದೇ ಇರಲಿಲ್ಲ.

ಅಲ್ಲಿಂದ ನೇರವಾಗಿ ಹಳ್ಳಿಗೆ ಹೋದೆ. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯವರಿಗೆ ಹಾಡನ್ನು ಕೇಳಿಸಿದೆ, ತಪ್ಪೊಪ್ಪಿಕೊಂಡೆ, ಆಕೆಯ ಹೆಸರನ್ನು ಬರೆದುಕೊಂಡೆ. ಹೆಸರಿನ ಸಮೇತ ಒಂದು ಪ್ರತಿ ಅವರ ಮನೆಯಲ್ಲಿದೆ, ಒಂದು ನನ್ನಲ್ಲಿದೆ, ಇನ್ನೊಂದು ಮೊಮ್ಮಗನಲ್ಲಿದೆ. ಪತ್ರಿಕೆಯಲ್ಲಿ ಹೆಸರು ಹಾಕುವುದು ಬೇಡವೆಂದು ಮನೆಯವರು ಹೇಳಿದರು. ಆದ್ದರಿಂದ ಇಲ್ಲಿ ಹಾಕಿಲ್ಲ.

ಹೆಸರು ಮರೆಸುವುದಕ್ಕೂ ಹೆಸರು ಮರೆಯುವುದಕ್ಕೂ ಇರುವ ವ್ಯತ್ಯಾಸ ನನಗೆ ಅಂದು ತಿಳಿಯಿತು. ಶ್ರೀಪಾದರಾಜರು ತಾವಾಗಿ ಹೆಸರನ್ನು ಮರೆಸಿ ಅಂಕಿತವನ್ನಿಟ್ಟರು. ಗಣಿಯ ಕಾರ್ಮಿಕರು ತಾವಾಗಿ ಬೆರಳು ಹಿಂತೆಗೆದುಕೊಂಡರು. ಅದು ಅವರ ಹಕ್ಕು. ಆ ತಾಯಿಯ ಹೆಸರನ್ನು ಬಿಟ್ಟವರು ನಾವು. ಅದು ನಮ್ಮ ಉದಾಸೀನ.

ನಿಮ್ಮ ಮನೆಯಲ್ಲೂ ಅಜ್ಜಿಯ ಹಾಡು, ತಾತನ ಪತ್ರ, ಊರಿನ ಹಳೆಯ ಚಿತ್ರ ಇದ್ದೀತು. ಅದನ್ನು ಎರಡು ಮೂರು ಕಡೆ ನಕಲು ಮಾಡಿಡಿ, ಹತ್ತಿರದವರಿಗೆ ಹಂಚಿ. ಹಂಚುವ ಮೊದಲು ಅದು ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂದು ಒಂದು ಸಾಲು ಬರೆಯಿರಿ. ಹೆಸರು ಬೇಡವೆಂದು ಅವರೇ ಹೇಳಿದರೆ ಬಿಡಿ, ಕೇಳದೆ ಬಿಡಬೇಡಿ.